ಇಳೀದೆ ಹತ್ತಿದ್ರಾ?

ಚಾಮುಂಡಿ ಬೆಟ್ಟಕ್ಕೆ ಸೈಕಲ್‌ನಲ್ಲಿ ಹೋಗಿಬಂದೆ ಅಂತ ಮೈಸೂರಿನಲ್ಲಿ ಯಾರಿಗಾದರೂ ಹೇಳಿ ನೋಡಿ. ಮಂಜಿತ್ತಾ, ದೇವಸ್ಥಾನದ ಬಾಗಿಲು ತೆಗೆದಿತ್ತಾ, ಯಾವ ಕಡೆಯಿಂದ ಹತ್ತಿದ್ರಿ ಅನ್ನುವ ಮಾತೆಲ್ಲ ಆಮೇಲಿನದು. ಮೊದಲು ಬರುವ ಪ್ರಶ್ನೆ ಒಂದೇ: "ಎಲ್ಲೂ ಇಳೀದೆ ಹತ್ತಿದ್ರಾ?" ಹೌದು ಅಂದರೆ ಮುಖದಲ್ಲಿ ಮೆಚ್ಚುಗೆ ಕಾಣುತ್ತದೆ. ಇಲ್ಲ, ವ್ಯೂ ಪಾಯಿಂಟ್ ಹತ್ತಿರ ಒಂದಿಷ್ಟು ತಳ್ಳಿಕೊಂಡು ಹೋದೆ ಅಂದರೆ, "ಪರವಾಗಿಲ್ಲ ಬಿಡಿ, ಅಭ್ಯಾಸ ಆಗುತ್ತೆ" ಅಂತ ಸಮಾಧಾನ ಹೇಳುತ್ತಾರೆ. ಅದೇ ಜನಕ್ಕೆ ಮಂಡ್ಯದವರೆಗೆ ಹೋಗಿ ವಾಪಸ್ ಬಂದೆ ಅಂದರೆ, "ಓ, ಫ್ಲಾಟ್ ರೋಡಲ್ವಾ" ಅಂದು ಮಾತು ಬೇರೆ ಕಡೆ ತಿರುಗಿಸುತ್ತಾರೆ. ಹೋಗಿಬಂದರೆ 90 ಕಿಲೋಮೀಟರು ದಾಟುವ ಆ ದಾರಿಗೆ ಒಂದು ಪ್ರಶ್ನೆಯೂ ಹುಟ್ಟುವುದಿಲ್ಲ.

ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಕೇಳುವವರಲ್ಲಿ ಕೆಟ್ಟ ಉದ್ದೇಶ ಇಲ್ಲ, ಅದು ಗೊತ್ತು. ಆದರೆ ಇದನ್ನು ಕೇಳಿ ಕೇಳಿ, ಹೊಸದಾಗಿ ಸೈಕಲ್ ಕೊಂಡವರು ಎರಡು ವಾರದಲ್ಲಿ ಬೆಟ್ಟಕ್ಕೆ ಹೋಗುತ್ತಾರೆ, ಅರ್ಧದಲ್ಲಿ ಕಾಲು ಊರುತ್ತಾರೆ, ಅವಮಾನ ಆದವರ ಹಾಗೆ ತಿರುಗಿ ಬರುತ್ತಾರೆ. ಕೆಲವರ ಸೈಕಲ್ ಆಮೇಲೆ ಬಾಲ್ಕನಿ ಬಿಟ್ಟು ಇಳಿಯುವುದೇ ಇಲ್ಲ. ಅಂಥವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಅದಕ್ಕೇ ಈ ಏರು ಮತ್ತು ಸಮ ರಸ್ತೆಯ ಲೆಕ್ಕವನ್ನು ಒಮ್ಮೆ ಕೂತು ಯೋಚಿಸಬೇಕು ಅನ್ನಿಸಿತು.

ಹೊಂಗೆ ಮರದ ಹತ್ತಿರ

ನಮ್ಮೂರು ಮಂಡ್ಯ ಸೀಮೆಯದು, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿದೆ. ನಮ್ಮ ಅಜ್ಜನ ವಯಸ್ಸಿನವರು ಅದನ್ನು ಕೊನೆಯವರೆಗೂ ಇರ್ವಿನ್ ನಾಲೆ ಅಂತಲೇ ಕರೆಯುತ್ತಿದ್ದರು. ನಾಲೆಯ ಏರಿಯ ಮೇಲೆ ಸೈಕಲ್ ತುಳಿದು ಬೆಳೆದವರಿಗೆ ಸಮ ರಸ್ತೆ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆಯಿಂದ ಹೊರಟ ನೀರು ತಾನಾಗೇ ಹರಿದು ದೂರದ ಗದ್ದೆ ಮುಟ್ಟಬೇಕಾದರೆ ನಾಲೆ ಕಿಲೋಮೀಟರಿಗೆ ಒಂದು ಮೀಟರ್ ಕೂಡ ಇಳಿಯಬಾರದು, ಒಂದು ಅಂಗುಲವೂ ಏರಬಾರದು. ಹಾಗಾಗಿ ದಿಣ್ಣೆ ಎದುರಾದ ಕಡೆಯೆಲ್ಲ ನಾಲೆ ಬಳಸಿಕೊಂಡು ಹೋಗುತ್ತದೆ. ಬಳಸಲು ಆಗದ ಹುಲಿಕೆರೆಯ ಹತ್ತಿರ ನೆಲವನ್ನೇ ಕೊರೆದು ಸುರಂಗ ಮಾಡಿದರು. ನಾಲೆ ಅಂಕುಡೊಂಕಾಗಿ ಹೋಗುವುದನ್ನು ನೋಡಿ ಚಿಕ್ಕಂದಿನಲ್ಲಿ ನಾನು ಅದಕ್ಕೆ ದಾರಿ ಗೊತ್ತಿಲ್ಲ ಅಂದುಕೊಂಡಿದ್ದೆ. ಮಟ್ಟ ಕಾಯ್ದುಕೊಳ್ಳುವುದಕ್ಕೆ ಅಷ್ಟು ಸುತ್ತಬೇಕು ಅಂತ ಅರ್ಥವಾದದ್ದು, ನಾನೇ ಒಂದು ಸಂಜೆ ನಾಲೆ ದಾರಿ ಬಿಟ್ಟು ಅಡ್ಡದಾರಿಯಲ್ಲಿ ದಿಣ್ಣೆ ಹತ್ತಿದಾಗ.

ನಮ್ಮಪ್ಪನ ಹತ್ತಿರ ಒಂದು ಅಟ್ಲಾಸ್ ಸೈಕಲ್ ಇತ್ತು. ಆಲೆಮನೆಯಿಂದ ಅಚ್ಚು ಬೆಲ್ಲದ ಮೂಟೆಯನ್ನು ಕ್ಯಾರಿಯರ್ ಮೇಲೆ ಟ್ಯೂಬಿನಿಂದ ಬಿಗಿದು ಮಂಡ್ಯದ ಮಾರುಕಟ್ಟೆಗೆ ಹೊರಡುತ್ತಿದ್ದರು. ರಜೆ ಇದ್ದ ದಿನ ಮುಂದಿನ ಬಾರ್ ಮೇಲೆ ನಾನು. ಬಯಲು ದಾರಿಯಲ್ಲಿ ಅಪ್ಪ ಮಾತಾಡುತ್ತಾ, ಗದ್ದೆಯವರನ್ನು ಕೂಗಿ ವಿಚಾರಿಸುತ್ತಾ ನಿಧಾನ ತುಳಿಯುತ್ತಿದ್ದರು. ಟಾರು ರಸ್ತೆ ಸೇರುವ ಮುಂಚೆ ಒಂದು ಏರು ಇತ್ತು, ಬಹಳ ಉದ್ದದ್ದಲ್ಲ. ಅದರ ಬುಡದಲ್ಲಿ ಒಂದು ಹೊಂಗೆ ಮರ. ಅಪ್ಪ ಪ್ರತಿ ಸಲವೂ ಆ ಮರದ ಹತ್ತಿರವೇ ಇಳಿಯುತ್ತಿದ್ದರು. ಏರು ಇನ್ನೂ ಶುರುವಾಗಿರುತ್ತಿರಲಿಲ್ಲ, ಉಸಿರೂ ಬಿಗಿಯಾಗಿರುತ್ತಿರಲಿಲ್ಲ. ನನ್ನನ್ನು ಇಳಿಸಿ, "ಹಿಂದಕ್ಕೆ ಹೋಗಿ ಕೈ ಕೊಡು" ಅನ್ನುತ್ತಿದ್ದರು. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಸೀಟಿನ ಮೇಲೆ ಇಟ್ಟು, ಎದೆ ಸ್ವಲ್ಪ ಮುಂದಕ್ಕೆ ಬಾಗಿಸಿ ಅವರು ತಳ್ಳುವುದು, ಹಿಂದಿನಿಂದ ಮೂಟೆಗೆ ನಾನು ಕೈಕೊಟ್ಟು ತಳ್ಳುವುದು. ಮೇಲೆ ಹೋದ ಮೇಲೆ ಟವೆಲ್‌ನಿಂದ ಕತ್ತು ಒರೆಸಿಕೊಂಡು, ಮತ್ತೆ ಹತ್ತಿ, ಮತ್ತೆ ಮಾತು.

ನಡುವೆ ನಿಂತು ಇಳಿಯುವ ಬದಲು ಬುಡದಲ್ಲೇ ಯಾಕೆ ಇಳಿಯುತ್ತಾರೆ ಅಂತ ಒಮ್ಮೆ ಕೇಳಿದ್ದೆ. ಒಮ್ಮೆ ನಡುವೆ ಇಳಿದವನ ಸೈಕಲ್ ಏನಾಯಿತು ಅಂತ ಹೇಳಿದರು: ಹಿಂದೆ ಭಾರ ಇರುವಾಗ ಏರಿನ ಮಧ್ಯ ಕಾಲು ಊರಿದರೆ ಮುಂದಿನ ಚಕ್ರ ಎದ್ದು ನಿಲ್ಲುತ್ತದೆ, ಸೈಕಲ್ ಹಿಂದಕ್ಕೆ ಮಗುಚುತ್ತದೆ, ಬೆಲ್ಲ ರಸ್ತೆ ಪಾಲು. "ಏರು ನೋಡಿ ಇಳೀಬೇಕು ಕಣಪ್ಪ, ಏರು ಇಳಿಸೋವರ್ಗೂ ಕಾಯಬಾರ್ದು." ಇಳಿಯುವುದು ಅವರಿಗೆ ಸವಾರಿಯಲ್ಲಿ ಒಂದು ಕೆಲಸ, ಬ್ರೇಕ್ ಹಿಡಿಯುವುದು, ಬೆಲ್ ಹೊಡೆಯುವುದು ಇದ್ದಂತೆ. ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡವರು, ಹುಲ್ಲಿನ ಹೊರೆ ಹೇರಿಕೊಂಡವರು, ಹೆಂಡತಿಯನ್ನು ಕೂರಿಸಿಕೊಂಡು ಸಂತೆಗೆ ಹೊರಟವರು ಎಲ್ಲರೂ ಇಳಿಯುತ್ತಿದ್ದರು. ಹೆಂಡತಿ ಮೊದಲು ಇಳಿಯುತ್ತಿದ್ದಳು, ಗಂಡ ಆಮೇಲೆ. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಈಗ ಲೆಕ್ಕ ಹಾಕಿದರೆ ಅಪ್ಪನ ತಿಳುವಳಿಕೆ ಎಷ್ಟು ಕರಾರುವಾಕ್ಕಾಗಿತ್ತು ಅಂತ ಗೊತ್ತಾಗುತ್ತದೆ. ಅಂಥ ಸೈಕಲ್‌ನ ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲ್‌ನಲ್ಲಿ 18 ಅಂತ ಇಟ್ಟುಕೊಳ್ಳಿ. 28 ಇಂಚಿನ ಚಕ್ರ. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 5.5 ಮೀಟರ್ ಮುಂದೆ ಹೋಗುತ್ತದೆ. ಸಮ ನೆಲದಲ್ಲಿ ಇದು ಹೇಳಿ ಮಾಡಿಸಿದ ಲೆಕ್ಕ, ಆರಾಮಾಗಿ ತುಳಿದರೂ ಗಂಟೆಗೆ 15 ಕಿಲೋಮೀಟರ್ ಸಿಗುತ್ತದೆ. ಆದರೆ ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ, ಸವಾರ, ಸೈಕಲ್, 60 ಕಿಲೋ ಬೆಲ್ಲ ಎಲ್ಲ ಸೇರಿ 150 ಕಿಲೋ ತೂಕ ಇದ್ದರೆ, ಪೆಡಲ್ ಮೇಲೆ ಸುತ್ತಿನ ಉದ್ದಕ್ಕೂ ಸರಾಸರಿ 50 ಕಿಲೋದಷ್ಟು ಒತ್ತಡ ಬೀಳಬೇಕು. ಪೆಡಲ್ ಮೇಲೆ ಮತ್ತು ಕೆಳಗೆ ಇರುವಾಗ ಕಾಲಿನ ಬಲ ಹೆಚ್ಚು ತಾಗುವುದಿಲ್ಲ, ಆದ್ದರಿಂದ ನಡುವಿನ ತುಳಿತದಲ್ಲಿ ಇದು ಸರಾಸರಿಗಿಂತ ಬಹಳ ಹೆಚ್ಚಬೇಕು. ಅಂದರೆ 65 ಕಿಲೋ ತೂಕದ ಮನುಷ್ಯ ಎದ್ದು ನಿಂತು ಪೂರ್ತಿ ಮೈಭಾರ ಬಿಟ್ಟರೂ ಸಾಲದು, ಹ್ಯಾಂಡಲ್ ಹಿಡಿದು ಮೇಲಕ್ಕೆ ಎಳೆಯಬೇಕು. ಗುಂಡಿಗೆಯ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ಆ ಸೈಕಲ್ಲು, ಆ ಭಾರ, ಆ ಏರು ಮೂರೂ ಸೇರಿದರೆ ಇಳಿಯುವುದೇ ಸರಿಯಾದ ಉತ್ತರ.

300 ಮೀಟರ್

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಚಾಮುಂಡಿ ಬೆಟ್ಟದ ನೆತ್ತಿ 1,060 ಮೀಟರ್ ಆಸುಪಾಸು. ತಾವರೆಕಟ್ಟೆ ಕಡೆಯಿಂದ ಹತ್ತಿ, ಉತ್ತನಹಳ್ಳಿ ಕಡೆಯಿಂದ ಹತ್ತಿ, ಮೆಟ್ಟಿಲಿನಲ್ಲೇ ಹತ್ತಿ, ಏರಬೇಕಾದದ್ದು ಹೆಚ್ಚುಕಡಿಮೆ 300 ಮೀಟರ್. ಸೈಕಲ್ ಸೇರಿ 80 ಕಿಲೋ ತೂಗುವವರು ಅಷ್ಟು ಎತ್ತರಕ್ಕೆ ಹೋಗಲು ಗುರುತ್ವಾಕರ್ಷಣೆಯ ವಿರುದ್ಧ ಮಾಡಬೇಕಾದ ಕೆಲಸ ಸುಮಾರು 235 ಕಿಲೋಜೂಲ್. ಅರ್ಧ ಗಂಟೆಯಲ್ಲಿ ಮುಗಿಸುವವರು ಸತತವಾಗಿ 130 ವಾಟ್ ಕೊಡಬೇಕು, ಒಂದು ಗಂಟೆ ತೆಗೆದುಕೊಳ್ಳುವವರಿಗೆ 65 ವಾಟ್ ಸಾಕು. ಟೈರಿನ ಉಜ್ಜಾಟ, ಗಾಳಿಯ ತಡೆ ಇದರ ಮೇಲೆ ಒಂದಿಷ್ಟು. ನನಗೆ ಮುಖ್ಯ ಅನ್ನಿಸುವುದು ಈ ಲೆಕ್ಕದಲ್ಲಿ ಇರುವ ನ್ಯಾಯ. ತುಳಿದು ಹೋದವರಿಗೂ ತಳ್ಳಿಕೊಂಡು ಹೋದವರಿಗೂ ಎತ್ತರ ಒಂದೇ, ಆದ್ದರಿಂದ ಅಷ್ಟು ಭಾರ ಅಷ್ಟು ಮೇಲೆ ಒಯ್ಯುವ ಕೆಲಸವೂ ಒಂದೇ. ಇಳಿದು ನಡೆದವರಿಗೆ ಬೆಟ್ಟ ಒಂದು ಅಡಿಯನ್ನೂ ಬಿಟ್ಟುಕೊಟ್ಟಿರುವುದಿಲ್ಲ.

ಮೆಟ್ಟಿಲಿನ ವಿಷಯ ತೆಗೆದುಕೊಳ್ಳಿ. ದೊಡ್ಡ ದೇವರಾಜ ಒಡೆಯರ ಕಾಲದಿಂದ, ಅಂದರೆ 17ನೇ ಶತಮಾನದಿಂದ ಜನ ಆ ಸಾವಿರ ಮೆಟ್ಟಿಲು ಹತ್ತುತ್ತಿದ್ದಾರೆ. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಬಗ್ಗಿ ಎದ್ದು ಹೋಗುವ ಹರಕೆಯವರಿದ್ದಾರೆ. ಅವರಿಗೆ ಒಂದು ಬೆಳಗ್ಗೆಯೇ ಬೇಕು. ನಂದಿಯ ಹತ್ತಿರ ಎಲ್ಲರೂ ಕೂರುತ್ತಾರೆ. ಬೆವರು ಒರೆಸಿಕೊಂಡು, ಆ ಕರಿ ನಂದಿಯ ಕೊರಳ ಗಂಟೆ ಸರ ನೋಡಿ, ಮಜ್ಜಿಗೆ ಕುಡಿದು ಏಳುತ್ತಾರೆ. ಮನೆಗೆ ಬಂದವರನ್ನು "ನಂದಿ ಹತ್ತಿರ ಕೂರದೆ ಹತ್ತಿದ್ರಾ?" ಅಂತ ಯಾರಾದರೂ ಕೇಳಿದ್ದು ನಾನಂತೂ ಕೇಳಿಲ್ಲ. ಕಾಲ್ನಡಿಗೆಯವರಿಗೆ ಕೊಟ್ಟ ಈ ಗೌರವವನ್ನು ಅದೇ ಬೆಟ್ಟದಲ್ಲಿ, ಅದೇ ಎತ್ತರಕ್ಕೆ ಸೈಕಲ್‌ನವರಿಗೆ ಯಾಕೆ ಕೊಡುವುದಿಲ್ಲ?

ಅಪ್ಪನ ಹಾಗೇ ನನ್ನ ಮನಸ್ಸಿನಲ್ಲಿ ಉಳಿದಿರುವವರು ಬೆಟ್ಟದ ರಸ್ತೆಯಲ್ಲಿ ಕಂಡ ಒಬ್ಬ ಹೂವಿನವರು. ಕಾರ್ತಿಕದ ಒಂದು ಬೆಳಗ್ಗೆ, ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಅರವತ್ತು ದಾಟಿದ ಮನುಷ್ಯ, ತಲೆಗೆ ಮಫ್ಲರ್, ಹಳೇ ಕಾಲದ ರಾಡ್ ಬ್ರೇಕಿನ ಸೈಕಲ್, ಹಿಂದೆ ಒದ್ದೆ ಗೋಣಿಯಲ್ಲಿ ಸುತ್ತಿದ ಹೂವಿನ ಕುಕ್ಕೆ. ತಳ್ಳಿಕೊಂಡು ಹೋಗುತ್ತಿದ್ದರು. ನಾನು ಗೇರ್ ಸೈಕಲ್‌ನಲ್ಲಿ, ಎಲ್ಲಕ್ಕಿಂತ ಹಗುರದ ಗೇರ್‌ನಲ್ಲಿ, ಗಂಟೆಗೆ ಆರೋ ಏಳೋ ಕಿಲೋಮೀಟರ್ ವೇಗದಲ್ಲಿ ಅವರ ಪಕ್ಕಕ್ಕೆ ಬಂದೆ. ಅವರ ನಡಿಗೆ ಗಂಟೆಗೆ ನಾಲ್ಕೂವರೆ, ಐದು ಇದ್ದಿರಬಹುದು. ಅಷ್ಟೇ ವ್ಯತ್ಯಾಸ! ದಾಟಿ ಹೋಗುವುದಕ್ಕೆ ಎಷ್ಟು ಹೊತ್ತು ಬೇಕಾಯಿತೆಂದರೆ, ಅಷ್ಟರಲ್ಲಿ ಅವರೇ ಮಾತು ಶುರು ಮಾಡಿದರು. ಆಮೇಲೆ ನಾನೂ ವೇಗ ಇಳಿಸಿ ಅವರ ಜೊತೆಗೇ ಉಳಿದೆ.

ಬುಡದ ಬಾಗಿಲಿನವರೆಗೆ ತುಳಿದುಕೊಂಡು ಬರುತ್ತಾರಂತೆ. ಅಲ್ಲಿಂದ ತಳ್ಳುವುದು. ವ್ಯೂ ಪಾಯಿಂಟ್ ಹತ್ತಿರ ಏರು ಒಂದಿಷ್ಟು ಸಡಿಲ ಬಿಟ್ಟಲ್ಲಿ ಮತ್ತೆ ಹತ್ತಿ ಕೂರುವುದು, ತಿರುವು ಕಡಿದಾದಲ್ಲಿ ಮತ್ತೆ ಇಳಿಯುವುದು. ಎಲ್ಲೆಲ್ಲಿ ಇಳಿಯಬೇಕು, ಎಲ್ಲೆಲ್ಲಿ ಏರಿ ಕೂರಬೇಕು ಅನ್ನುವುದು ಅವರ ಕಾಲಿಗೆ ಗೊತ್ತಿತ್ತು. ಮಾತಿನ ನಡುವೆ ಅವರು ಹೇಳಿದ ಇನ್ನೊಂದು ಸಂಗತಿ ನನಗೆ ಹೊಸದು: ವಾಪಸ್ ಬರುವಾಗಲೂ ಅವರು ಕೆಲವು ತಿರುವುಗಳಲ್ಲಿ ಇಳಿದು ನಡೆಯುತ್ತಾರೆ. ರಾಡ್ ಬ್ರೇಕ್ ನಂಬಿ ಆ ಇಳಿಜಾರಿನಲ್ಲಿ ಬಿಟ್ಟುಕೊಂಡು ಬರುವ ಹಾಗಿಲ್ಲ. ಮಳೆ ಹನಿ ಬಿದ್ದಿದ್ದರೆ ರಿಮ್ ಮೇಲೆ ಬ್ರೇಕಿನ ರಬ್ಬರು ಜಾರುತ್ತದೆ. "ಹತ್ತೋದಕ್ಕಾದ್ರೆ ಉಸಿರು ಸಾಕು ಸಾರ್, ಇಳಿಯೋದಕ್ಕೆ ಬುದ್ಧಿ ಬೇಕು" ಅಂದರು. ಬೆಟ್ಟದ ಎತ್ತರ ಎಷ್ಟು, ಏರು ಶೇಕಡಾ ಎಷ್ಟು ಎಂಬುದು ನನ್ನ ಫೋನಿನಲ್ಲಿತ್ತು. ಎರಡು ದಶಕಕ್ಕೂ ಹೆಚ್ಚು ಕಾಲ ಅದೇ ರಸ್ತೆಯಲ್ಲಿ ಹೂವು ಸಾಗಿಸಿದ ಅವರ ಹತ್ತಿರ ಇದ್ದ ಮಾಹಿತಿ ಅದರಲ್ಲಿ ಇರಲಿಲ್ಲ. ಇಬ್ಬರನ್ನೂ ಬೈಕಿನವರು, ಕಾರಿನವರು ದಾಟಿ ಹೋದರು. ಒಬ್ಬ ಹುಡುಗ ಕಿಟಕಿಯಿಂದ ನನಗೆ ಹೆಬ್ಬೆರಳು ಎತ್ತಿ ತೋರಿಸಿದ. ಪಕ್ಕದಲ್ಲೇ ನನಗಿಂತ ಹೆಚ್ಚು ಭಾರ ಹೊತ್ತು ಅದೇ ಏರು ಹತ್ತುತ್ತಿದ್ದವರ ಕಡೆ ಅವನು ನೋಡಲೂ ಇಲ್ಲ. ಅದು ನನಗೆ ಈಗಲೂ ಬೇಸರ ತರುತ್ತದೆ.

ಸೈಕಲ್ ತಳ್ಳಿದವರು ಸೋತವರು ಅನ್ನುವವರಿಗೆ ಒಂದು ಹಳೆಯ ಸಂಗತಿ ನೆನಪಿಸಬೇಕು. ಟೂರ್ ದ ಫ್ರಾನ್ಸ್ ಎಂಬ ಹೆಸರಾಂತ ಸೈಕಲ್ ಪಂದ್ಯ ಫ್ರಾನ್ಸ್-ಸ್ಪೇನ್ ಗಡಿಯ ಪಿರೆನೀಸ್‌ನ ಎತ್ತರದ ಪರ್ವತಗಳನ್ನು ಮೊದಲು ಹತ್ತಿದ್ದು 1910ರಲ್ಲಿ. ತುರ್ಮಲೇ ಎಂಬ ಕಣಿವೆದಾರಿ 2,115 ಮೀಟರ್ ಎತ್ತರದ್ದು, ಆಗ ಅಲ್ಲಿ ಇದ್ದದ್ದು ಕಲ್ಲುಮಣ್ಣಿನ ದಾರಿ. ಆ ವರ್ಷ ಪಂದ್ಯ ಗೆದ್ದ ಒಕ್ತಾವ್ ಲಪೀಜ್ ಆ ಏರುಗಳಲ್ಲಿ ಸೈಕಲ್ ತಳ್ಳಿಕೊಂಡು ನಡೆದಿದ್ದಾರೆ. ನಡೆದವರೇ ಗೆದ್ದರು! ಚೈನ್ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಗೇರನ್ನು ಆ ಪಂದ್ಯದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು 1937ರಲ್ಲಿ. ಅಲ್ಲಿಯವರೆಗೂ ಪ್ರಪಂಚದ ಅತ್ಯಂತ ಗಟ್ಟಿ ಕಾಲುಗಳಿಗೂ ನಮ್ಮಪ್ಪನ ಅಟ್ಲಾಸ್‌ನದೇ ಪಾಡು.

ಆಷಾಢದ ಗಾಳಿ

ಈಗ ಆ ಫ್ಲಾಟ್ ರೋಡಿನ ವಿಷಯ. ಸಮ ರಸ್ತೆಯಲ್ಲಿ ತುಳಿಯುವವರ ಎದುರಾಳಿ ಗಾಳಿ. ಗಾಳಿಯೇ ಇಲ್ಲದ ದಿನವೂ ನಾವು ಮುಂದೆ ಹೋಗುವಾಗ ಅದನ್ನು ಸೀಳಿಕೊಂಡೇ ಹೋಗಬೇಕು, ವೇಗ ಎರಡು ಪಟ್ಟಾದರೆ ಅದರ ತಡೆ ನಾಲ್ಕು ಪಟ್ಟು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಎದುರಿನಿಂದ 20 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ತಾಗುವುದು 40ರ ಗಾಳಿ, ತಡೆ ನಾಲ್ಕು ಪಟ್ಟು. ವೇಗವನ್ನು 15ಕ್ಕೆ ಇಳಿಸಿಕೊಂಡರೂ, ನನ್ನಂಥ ಮೈಕಟ್ಟಿನವರಿಗೆ ನೇರ ಕೂತು ತುಳಿಯುವಾಗ ಅದು ನೂರಕ್ಕೆ ಮೂರೂವರೆ ಮೀಟರ್ ಏರುವ ರಸ್ತೆಯಷ್ಟು ಹಿಂದಕ್ಕೆ ತಳ್ಳುತ್ತದೆ. ಬೆಟ್ಟದ ರಸ್ತೆಯ ಅರ್ಧದಷ್ಟು ಕಡಿದು ಅನ್ನಬಹುದು. ವ್ಯತ್ಯಾಸ ಏನೆಂದರೆ ಬೆಟ್ಟಕ್ಕೆ ತುದಿ ಇದೆ.

ಮಂಡ್ಯದಿಂದ ಮೈಸೂರಿಗೆ ರಸ್ತೆ ಹೋಗುವುದು ನೈಋತ್ಯ ದಿಕ್ಕಿಗೆ. ಜೂನ್ ಜುಲೈನಲ್ಲಿ ಮುಂಗಾರು ಗಾಳಿ ಬೀಸುವುದೂ ಆ ಕಡೆಯಿಂದಲೇ. ಘಟ್ಟದ ಮೇಲೆ ಮಳೆ ಸುರಿಸಿ ಹಗುರಾದ ಗಾಳಿ ನಮ್ಮ ಬಯಲಿಗೆ ಇಳಿದರೆ ತಡೆಯುವುದಕ್ಕೆ ಏನೂ ಇರುವುದಿಲ್ಲ. ಕಬ್ಬು ಎತ್ತರಕ್ಕೆ ಬೆಳೆದಿದ್ದರೆ ಒಂದಿಷ್ಟು ಮರೆ ಸಿಗುತ್ತದೆ. ಕಟಾವಾಗಿ ಬಯಲಾಗಿದ್ದರೆ, ಭತ್ತದ ಗದ್ದೆ ನೀರು ಕಟ್ಟಿಕೊಂಡು ನಿಂತಿದ್ದರೆ, ದೇವರೇ ಗತಿ. ಒಂದು ಆಷಾಢದಲ್ಲಿ ಊರಿನಿಂದ ಮೈಸೂರಿಗೆ ಹೊರಟಾಗ ಶ್ರೀರಂಗಪಟ್ಟಣದವರೆಗೂ ನನ್ನ ಕಿವಿಯಲ್ಲಿ ಗಾಳಿಯ ಗದ್ದಲ ಬಿಟ್ಟು ಬೇರೆ ಏನೂ ಕೇಳಿಸಲಿಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳ ಜೊತೆ ಸೈಕಲ್‌ಗೂ ಪ್ರವೇಶ ಇಲ್ಲ, ಹಾಗಾಗಿ ಸರ್ವಿಸ್ ರಸ್ತೆಯೇ ನಮ್ಮ ದಾರಿ. ಮೇಲೆ ಕಾರುಗಳು ಸುಯ್ಯೆಂದು ಹೋಗುತ್ತಿರುತ್ತವೆ, ಕೆಳಗೆ ನಾವು ಗಾಳಿಗೆ ತಲೆ ಬಗ್ಗಿಸಿ ತುಳಿಯುತ್ತಿರುತ್ತೇವೆ. ಏರಿನಲ್ಲಾದರೆ ಎದುರಿಗೆ ಒಂದು ತಿರುವು ಕಾಣುತ್ತದೆ, ಅಲ್ಲಿವರೆಗೆ ಹೋಗೋಣ ಅಂತ ಮನಸ್ಸಿಗೆ ಹೇಳಬಹುದು. ಅಲ್ಲಿ ನಿಂತರೆ ಗಳಿಸಿದ ಎತ್ತರ ನಮ್ಮದೇ. ಗಾಳಿಯಲ್ಲಿ ಗಳಿಸಿದ್ದು ಕಣ್ಣಿಗೆ ಕಾಣುವುದಿಲ್ಲ. ಹತ್ತಿದ ಏರು ಇಳಿಜಾರಾಗಿ ವಾಪಸ್ ಸಿಗುತ್ತದೆ, ಗಾಳಿಗೆ ಕೊಟ್ಟದ್ದು ಆ ದಾರಿಯಲ್ಲಿ ವಾಪಸ್ ಬರುವುದೇ ಇಲ್ಲ.

ಅಪ್ಪನನ್ನು ಗಾಳಿಯಲ್ಲಿ ನೋಡಿದ ನೆನಪೂ ಇದೆ. ಮಂಡ್ಯದಿಂದ ಬೆಲ್ಲ ಮಾರಿ ಖಾಲಿ ಸೈಕಲ್‌ನಲ್ಲಿ ವಾಪಸ್ ಬರುವಾಗ, ಗಾಳಿಗೆ ಹಾರುತ್ತಿದ್ದ ಟವೆಲನ್ನು ಸೊಂಟಕ್ಕೆ ಬಿಗಿದು, ಅಂಗಿಯ ತುದಿಯನ್ನು ಪಂಚೆಯೊಳಗೆ ಸಿಕ್ಕಿಸಿ, ಹ್ಯಾಂಡಲ್ ಮೇಲೆ ಬಾಗಿ ತುಳಿಯುತ್ತಿದ್ದರು. ನನ್ನ ನೆತ್ತಿಗೆ ಅವರ ಗಲ್ಲ ತಾಗುತ್ತಿತ್ತು. ಆಗ ಮಾತೇ ಇರುತ್ತಿರಲಿಲ್ಲ. ಸಣ್ಣ ಏರಿಗೆ ಮುಂಚಿತವಾಗೇ ಇಳಿಯುವ ಮನುಷ್ಯ ಗಾಳಿಗೆ ಇಳಿದದ್ದು ನಾನು ನೋಡಿಲ್ಲ. "ಏರಿಗೆ ಇಳಿದ್ರೆ ಮ್ಯಾಲಕ್ಕೋಗಿ ಹತ್ಕೋಬೋದು. ಗಾಳಿಗೆ ಇಳಿದ್ರೆ ಎಲ್ಲೋಗಿ ಹತ್ಕೊಳ್ಳಾದು?" ಅನ್ನುತ್ತಿದ್ದರು. ಏರು ಮತ್ತು ಸಮ ರಸ್ತೆಯ ನಡುವಿನ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಬೆಟ್ಟ ಕಾಲನ್ನು, ಉಸಿರನ್ನು ಕೇಳುತ್ತದೆ, ಆಮೇಲೆ ಬಿಟ್ಟುಬಿಡುತ್ತದೆ. ಬಯಲು ಕೇಳುವುದು ತಾಳ್ಮೆಯನ್ನು. ಸಮ ರಸ್ತೆಯಲ್ಲಿ ಪೆಡಲ್ ನಿಲ್ಲಿಸಲು ಇಳಿಜಾರು ಸಿಗುವುದಿಲ್ಲ, ಸೀಟಿನ ಮೇಲೆ ಕೂತ ಭಂಗಿ ಬದಲಾಗುವುದಿಲ್ಲ, ಅಂಗೈ ಜೋಮು ಹಿಡಿಯುತ್ತದೆ, ಕತ್ತು ನೋಯುತ್ತದೆ. ಎಷ್ಟು ವೇಗ ಹೋಗಬೇಕು ಅನ್ನುವುದನ್ನು ಬೆಟ್ಟದಲ್ಲಿ ಬೆಟ್ಟವೇ ತೀರ್ಮಾನಿಸುತ್ತದೆ, ಬಯಲಿನಲ್ಲಿ ನಾವೇ ಗಳಿಗೆ ಗಳಿಗೆಗೂ ತೀರ್ಮಾನಿಸಬೇಕು. ಶಕ್ತಿ ಇರುವ ಹುಡುಗರು ಮದ್ದೂರಿಗೆ ಹೋಗುವಾಗ ಹಿಂಗಾಳಿಯಲ್ಲಿ ಹಾರಿಕೊಂಡು ಹೋಗಿ, ವಡೆ ತಿಂದು ತಿರುಗಿದ ಮೇಲೆ ಮಂಡ್ಯ ಮುಟ್ಟುವಷ್ಟರಲ್ಲಿ ರೈಲು ಎಷ್ಟೊತ್ತಿಗೆ ಅಂತ ಕೇಳುವುದನ್ನು ನೋಡಿದ್ದೇನೆ.

ಇನ್ನೊಂದು ಮಾತು ಹೇಳಬೇಕು. ಮಂಡ್ಯ-ಮೈಸೂರು ರಸ್ತೆ ಫ್ಲಾಟ್ ಎಂಬುದೇ ಕಾರಿನಲ್ಲಿ ಕೂತವರ ನಂಬಿಕೆ. ಮಂಡ್ಯ, ಶ್ರೀರಂಗಪಟ್ಟಣ ಎರಡೂ ಸುಮಾರು 680 ಮೀಟರ್ ಎತ್ತರದವು. ಕಾವೇರಿ ದಾಟಿದ ಮೇಲೆ ಮೈಸೂರಿನವರೆಗಿನ ಹದಿನೈದು ಕಿಲೋಮೀಟರಿನಲ್ಲಿ 90 ಮೀಟರಿನಷ್ಟು ಏರಬೇಕು. ಎಲ್ಲೂ ಬೆಟ್ಟ ಅನ್ನಿಸದ, ಕಣ್ಣಿಗೆ ಸಮ ಅನ್ನಿಸಿಕೊಂಡೇ ಕಾಲಿಗೆ ಏರಾಗಿರುವ ರಸ್ತೆ. ಮೂವತ್ತು ಕಿಲೋಮೀಟರ್ ಎದುರುಗಾಳಿ ತಿಂದು ಬಂದವರಿಗೆ ಕಳಸ್ತವಾಡಿ, ಸಿದ್ದಲಿಂಗಪುರದ ಆ ಹುಸಿ ಸಮತಟ್ಟು ಚಾಮುಂಡಿಯ ತಿರುವುಗಳಿಗಿಂತ ಕಷ್ಟ ಅಂತ ನಾನು ಎದೆಮುಟ್ಟಿ ಹೇಳುತ್ತೇನೆ. ಅಲ್ಲಿ ಯಾರೂ ಹೆಬ್ಬೆರಳು ಎತ್ತುವುದಿಲ್ಲ.

ಸಮ ನೆಲಕ್ಕೆ ನಾವು ಋಣಿಗಳಾಗಿರಬೇಕಾದ ಕಾರಣ ಬೇರೆಯೂ ಇದೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ನಾಲೆ ಬಯಲಿನ ಊರುಗಳಲ್ಲಿ ಬೆಳಗ್ಗೆ ಹೊತ್ತು ಹುಡುಗಿಯರ ಸಾಲೇ ಹೊರಡುತ್ತಿತ್ತು. ಗೇರ್ ಇಲ್ಲದ ಸಾದಾ ಸೈಕಲ್‌ಗಳವು. ದಾರಿ ಮಟ್ಟವಾಗಿದ್ದುದರಿಂದ ಬ್ಯಾಗಿನ ಭಾರ ಇಟ್ಟುಕೊಂಡೂ, ಹಿಂದೆ ತಂಗಿಯನ್ನು ಕೂರಿಸಿಕೊಂಡೂ ಅವರು ಹೈಸ್ಕೂಲು ಮುಟ್ಟುತ್ತಿದ್ದರು. ಬಸ್ಸಿಗೆ ಕಾಯುವ ಗೋಜಿಲ್ಲ. ಬೆಟ್ಟದ ಸೀಮೆಯಲ್ಲಿ ಅದೇ ಸೈಕಲ್ ಅಷ್ಟು ಉಪಯೋಗಕ್ಕೆ ಬರುವುದು ಕಷ್ಟವಿತ್ತು. ಸಮ ರಸ್ತೆ ಸಪ್ಪೆ ಅನ್ನುವವರು ಆ ಸಾಲನ್ನು ಒಮ್ಮೆ ನೋಡಬೇಕಿತ್ತು.

ಹಲ್ಲಿನ ಲೆಕ್ಕ

ನನ್ನ ಅಕ್ಕನ ಮಗಳು ಮೈಸೂರಿನಲ್ಲಿ ಓದುತ್ತಾಳೆ. 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್‌ಗಳು ಊರಿನ ಮೂಲೆ ಮೂಲೆಯಲ್ಲಿ ನಿಂತಾಗ ಅವಳಿನ್ನೂ ಚಿಕ್ಕವಳು, ಅವುಗಳನ್ನು ನೋಡಿಯೇ ಆಸೆ ಹುಟ್ಟಿಸಿಕೊಂಡವಳು. ಈಚೆಗೆ ಸ್ವಂತದ್ದೊಂದು ಗೇರ್ ಸೈಕಲ್ ತೆಗೆದುಕೊಂಡಳು. ಮೊದಲ ಭಾನುವಾರವೇ ಗೆಳತಿಯರೊಂದಿಗೆ ಬೆಟ್ಟಕ್ಕೆ ಹೋಗಿ, ನಡುವೆ ಇಳಿದು ಬಂದು, ನನ್ನ ಮುಂದೆ ಕಣ್ಣೀರು ಹಾಕಿದಳು. "ನಂಗೆ ಸ್ಟ್ಯಾಮಿನಾನೇ ಇಲ್ಲ ಮಾಮ." ಸೈಕಲ್ ತಿರುಗಿಸಿ ನೋಡಿದೆ. ಮುಂದಿನ ಎರಡು ಹಲ್ಲುಚಕ್ರಗಳಲ್ಲಿ ಚಿಕ್ಕದಕ್ಕೇ 39 ಹಲ್ಲು, ಹಿಂದೆ ಎಲ್ಲಕ್ಕಿಂತ ದೊಡ್ಡದು 25. ಪಂದ್ಯದ ಹುಡುಗರಿಗೆ ಮಾಡಿದ ಜೋಡಣೆ ಅದು. ಒಂದು ಸುತ್ತಿಗೆ ಮೂರು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಏರಿನಲ್ಲಿ ಗಂಟೆಗೆ 8 ಕಿಲೋಮೀಟರ್ ಹೋಗುವವರಿಗೆ ನಿಮಿಷಕ್ಕೆ ನಲವತ್ತು ಸುತ್ತು ಮಾತ್ರ ಬರುತ್ತದೆ, ಪ್ರತಿ ಸುತ್ತೂ ಮಂಡಿ ಹಿಂಡುತ್ತದೆ. ಅದೇ ಮುಂದೆ 34, ಹಿಂದೆ 34 ಹಲ್ಲು ಇದ್ದರೆ ಒಂದು ಸುತ್ತಿಗೆ 2.1 ಮೀಟರ್, ಅದೇ ವೇಗಕ್ಕೆ ನಿಮಿಷಕ್ಕೆ ಅರವತ್ತಕ್ಕೂ ಹೆಚ್ಚು ಸುತ್ತು. ಒಟ್ಟು ಕೆಲಸ ಅಷ್ಟೇ, ಆದರೆ ಒಂದೊಂದು ತುಳಿತದ ಭಾರ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ಇದನ್ನು ಅವಳಿಗೆ ಹೇಳಬೇಕಾದವರು ಮಾರುವವರು. ಅಂಗಡಿಯಲ್ಲಿ ಬಣ್ಣ ತೋರಿಸುತ್ತಾರೆ, ತೂಕ ಹೇಳುತ್ತಾರೆ, ಎಷ್ಟು ಗೇರ್ ಇದೆ ಅಂತ ಹೇಳುತ್ತಾರೆ. ಅತಿ ಹಗುರದ ಗೇರ್ ಎಷ್ಟು ಹಗುರ ಅಂತ ಹೇಳುವವರು ಕಡಿಮೆ. ಒಬ್ಬ ಹುಡುಗಿ ತನ್ನ ಎದೆಗೂಡನ್ನು, ತನ್ನ ಕಾಲನ್ನು ಅನುಮಾನಿಸುವಂತೆ ಆಗಿದ್ದು ಹಿಂದಿನ ಹಲ್ಲುಚಕ್ರದಲ್ಲಿ ಒಂಬತ್ತು ಹಲ್ಲು ಕಡಿಮೆ, ಮುಂದಿನದರಲ್ಲಿ ಐದು ಹೆಚ್ಚು ಇದ್ದದ್ದಕ್ಕೆ.

ಅವಳಿಗೆ ಅವಳ ತಾತನ ಹೊಂಗೆ ಮರದ ಕಥೆ ಹೇಳಿದೆ. ಬೆಲ್ಲದ ಮೂಟೆಯ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ, ಅವಳು ಇಂಜಿನಿಯರಿಂಗ್ ಓದುವವಳು, ನನಗಿಂತ ಬೇಗ ಹಿಡಿದಳು. ಸೈಕಲ್‌ನ ಹಿಂದಿನ ಹಲ್ಲುಚಕ್ರದ ಗುಚ್ಛ ಬದಲಾಯಿಸಿದ್ದಾಯಿತು, ಮುಂದಿನದೂ. ಅದಕ್ಕೆ ಉದ್ದದ ಚೈನೂ, ಉದ್ದ ಕೈಯ ಡಿರೇಲರ್ರೂ ಬೇಕಾಯಿತು. ಇಂಥದ್ದನ್ನು ಮಾಡಿಸುವವರು ಮೊದಲೇ ಕೇಳಿಕೊಳ್ಳಿ. ಆದರೆ ಗೇರ್ ಬದಲಾಯಿತು ಅಂತ ಇಳಿಯಲೇಬಾರದು ಅಂತೇನಿಲ್ಲ. ಹೃದಯ ಕಿವಿಯಲ್ಲಿ ಬಡಿದುಕೊಳ್ಳತೊಡಗಿದರೆ, ನಿಂತು ತುಳಿದರೂ ಸೈಕಲ್ ಹಾವಿನ ಹಾಗೆ ಓಲಾಡಿದರೆ, ಹಿಂದಿನಿಂದ ಬಸ್ಸು ಬರುತ್ತಿದ್ದರೆ ಇಳಿಯಬೇಕು. ಬೆಟ್ಟದ ರಸ್ತೆ ಅಗಲ ಕಡಿಮೆ, ಓಲಾಡುವ ಸೈಕಲ್‌ಗೆ ಅಲ್ಲಿ ಜಾಗ ಇಲ್ಲ. ನಂದಿ ಕಡೆಯ ರಸ್ತೆ 2021ರ ಮಳೆಗೆ ಕುಸಿದದ್ದನ್ನು ನೋಡಿದವರಿಗೆ ಅಂಚಿನ ಮಣ್ಣಿನ ಮೇಲೆ ಎಷ್ಟು ನಂಬಿಕೆ ಇಡಬೇಕು ಅಂತಲೂ ಗೊತ್ತು.

ಮುಂದಿನ ತಿಂಗಳು ಇಬ್ಬರೂ ಮೇಲುಕೋಟೆಗೆ ಹೋಗುವ ಯೋಚನೆ ಇದೆ. ಶ್ರೀರಂಗಪಟ್ಟಣ, ಪಾಂಡವಪುರದವರೆಗೆ ಬಯಲು, ಜಕ್ಕನಹಳ್ಳಿಯ ಹತ್ತಿರ ತಿರುಗಿದ ಮೇಲೆ ಏರು. ದಾರಿಯನ್ನು ಅವಳೇ ಗುರುತು ಮಾಡಿಕೊಂಡಿದ್ದಾಳೆ, ಎಲ್ಲಿ ನೆರಳು, ಎಲ್ಲಿ ನೀರು, ಎಲ್ಲಿ ಏರಿನ ಬುಡ ಅಂತ. ಗಾಳಿ ಬೆಳಗ್ಗೆ ಹತ್ತರ ಮೇಲೆ ಜೋರಾಗುತ್ತದೆ ಅಂತ ನಾನು ಹೇಳಿದ್ದಕ್ಕೆ, ಹಾಗಾದರೆ ಐದಕ್ಕೇ ಬಿಡೋಣ ಅಂದಿದ್ದಾಳೆ. ಪುಳಿಯೋಗರೆ ತಿಂದು, ಕಲ್ಯಾಣಿಯ ಹತ್ತಿರ ಒಂದು ಗಂಟೆ ಕೂತು, ಬಿಸಿಲು ತಗ್ಗಿದ ಮೇಲೆ ವಾಪಸ್ ಹೊರಡುವುದು ಅಂತ ಮಾತಾಗಿದೆ. ಬರುವವರಿದ್ದರೆ ಜೊತೆಗೆ ಬನ್ನಿ, ಹೊಸಬರಾದರೂ ಸರಿ, ಗೇರ್ ಇಲ್ಲದ ಸೈಕಲ್ ಆದರೂ ಸರಿ. ಎರಡು ಬಾಟಲಿ ನೀರು, ಒಂದು ಟ್ಯೂಬು, ತಳ್ಳಿಕೊಂಡು ನಡೆಯಲು ಆಗುವಂಥ ಚಪ್ಪಲಿಯೋ ಶೂವೋ ಹಾಕಿಕೊಂಡು ಬನ್ನಿ.